ಸ್ವಾರಸ್ಯಕ್ಕೆ ಇಟ್ಟ ಒಂದು ಅಂಕ

ಮಾನ್ಯ ಸಂಪಾದಕರೇ,

ಹತ್ತನೆಯ ತರಗತಿಯ ಕನ್ನಡ ಪ್ರಶ್ನೆಪತ್ರಿಕೆಯಿಂದ ‘ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ’ ಎಂಬ ಪ್ರಶ್ನೆಯನ್ನು ಕೈಬಿಡಬೇಕು, ಅದು ಬರಿಯ ಬಾಯಿಪಾಠ ಎಂದು ಓದುಗರೊಬ್ಬರು ಕಳೆದ ವಾರ ನಿಮ್ಮ ಪತ್ರಿಕೆಗೆ ಬರೆದಿದ್ದರು. ಬಾಯಿಪಾಠವಾಗಿಬಿಟ್ಟಿದೆ ಎಂಬ ಅವರ ಮಾತನ್ನು ಒಪ್ಪುತ್ತೇನೆ. ಕೈಬಿಡಬೇಕು ಎಂಬುದನ್ನು ಒಪ್ಪಲಾರೆ. ಮಂಡ್ಯ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ 31 ವರ್ಷ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ಅಷ್ಟು ವರ್ಷ ಅದೇ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದಿದ್ದರೂ ಅದರ ಬೆಲೆ ಏನೆಂಬುದು ನನಗೆ ಪೂರ್ತಿಯಾಗಿ ಗೊತ್ತಾದದ್ದು ಕಳೆದ ಡಿಸೆಂಬರಿನಲ್ಲಿ, ಅದೂ ಒಂದು ಇಂಗ್ಲಿಷ್ ಪರೀಕ್ಷೆಯ ದೆಸೆಯಿಂದ. ಅದನ್ನು ವಿವರವಾಗಿ ಹೇಳಬೇಕಾಗಿರುವುದರಿಂದ ಪತ್ರ ಉದ್ದವಾಗಿದೆ. ಕತ್ತರಿಸದೆ ಪ್ರಕಟಿಸಬೇಕೆಂದು ಕೋರುತ್ತೇನೆ.

ನನ್ನ ಮಗಳ ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿ ಹನ್ನೊಂದನೆಯ ತರಗತಿಯಲ್ಲಿದ್ದಾಳೆ. ಕ್ರಿಸ್‌ಮಸ್ ರಜೆಗೆಂದು ಎರಡು ವಾರ ಮಂಡ್ಯಕ್ಕೆ ಬಂದಿದ್ದಳು. ಕನ್ನಡ ಚೆನ್ನಾಗಿ ಮಾತನಾಡುತ್ತಾಳೆ. ಓದುವಾಗ ಮಾತ್ರ ಒತ್ತಕ್ಷರಗಳ ಬಳಿ ತಡವರಿಸುತ್ತಾಳೆ. ಬೆಳಗಿನ ಎಳೆಬಿಸಿಲಿನಲ್ಲಿ ಜಗಲಿಯ ಮೇಲೆ ಕುಳಿತು ಲ್ಯಾಪ್‌ಟಾಪಿನಲ್ಲಿ ಏನನ್ನೋ ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು ನಡೆದಿತ್ತು. ಮೂರನೆಯ ದಿನ ಕಣ್ಣು ಕೆಂಪಾಗಿದ್ದನ್ನು ಕಂಡು ಏನೆಂದು ಕೇಳಿದೆ. ಪ್ರಬಂಧಕ್ಕೆ ಆರರಲ್ಲಿ ಮೂರು ಅಂಕ ಬಂದಿತ್ತು. ರಜೆಯೊಳಗೆ ತಿದ್ದಿ ಬರೆಯುವಂತೆ ಅವಳ ಶಿಕ್ಷಕಿ ಹೇಳಿದ್ದರು.

ಅವಳು ತಯಾರಾಗುತ್ತಿದ್ದ ಪರೀಕ್ಷೆಯ ಹೆಸರು ‘ಎಪಿ ಇಂಗ್ಲಿಷ್ ಲ್ಯಾಂಗ್ವೇಜ್ ಅಂಡ್ ಕಾಂಪೊಸಿಷನ್’. ಎಪಿ ಎಂದರೆ ‘ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್’, ಪ್ರೌಢಶಾಲೆಯಲ್ಲಿರುವಾಗಲೇ ಕಾಲೇಜು ಮಟ್ಟದ ಪಾಠ ಓದುವ ಮಕ್ಕಳಿಗೆ ಇರುವ ಪರೀಕ್ಷೆ. ಅಲ್ಲಿನ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ಅದನ್ನು ಪ್ರತಿ ವರ್ಷ ಮೇ ತಿಂಗಳಿನಲ್ಲಿ ನಡೆಸುತ್ತದೆ. ಮೊದಲು ಒಂದು ಗಂಟೆಯಲ್ಲಿ 45 ಬಹು ಆಯ್ಕೆಯ ಪ್ರಶ್ನೆಗಳು. ಆಮೇಲೆ ಎರಡು ಕಾಲು ಗಂಟೆಯಲ್ಲಿ ಮೂರು ಪ್ರಬಂಧಗಳು. ಮೂರರಲ್ಲಿ ನಡುವಿನದು ನನ್ನ ಮನಸ್ಸನ್ನು ಹಿಡಿಯಿತು. ಯಾರೋ ಮಾಡಿದ ಭಾಷಣವನ್ನೋ ಬರೆದ ಪತ್ರವನ್ನೋ ಕೊಡುತ್ತಾರೆ. ವಿದ್ಯಾರ್ಥಿ ಅದನ್ನು ಹಿಂದೆ ಓದಿರುತ್ತಾನೆಂಬ ನಿರೀಕ್ಷೆಯಿಲ್ಲ. ಅದರಲ್ಲಿ ಹೇಳಿರುವುದು ಸರಿಯೋ ತಪ್ಪೋ ಎಂದು ಕೇಳುವುದಿಲ್ಲ, ತಾತ್ಪರ್ಯವನ್ನೂ ಕೇಳುವುದಿಲ್ಲ. ಈ ಮಾತನ್ನು ಆಡಿದವರು, ಈ ಕೇಳುಗರ ಮುಂದೆ, ಈ ಹೊತ್ತಿನಲ್ಲಿ, ಮಾತು ನಾಟುವುದಕ್ಕೆಂದು ಏನೇನು ಮಾಡಿದ್ದಾರೆ, ಅದನ್ನೇ ಏಕೆ ಮಾಡಿದ್ದಾರೆ ಎಂದು ಕೇಳುತ್ತಾರೆ. ಬರೆಯಲು ಸುಮಾರು 40 ನಿಮಿಷ. ಸ್ಪಷ್ಟವಾದ ಒಂದು ನಿಲುವಿಗೆ 1 ಅಂಕ, ಆಧಾರ ಕೊಟ್ಟು ಅದನ್ನು ವಿವರಿಸುವುದಕ್ಕೆ 4, ಇನ್ನೂ ಆಳಕ್ಕೆ ಇಳಿದು ನೋಡಿದವರಿಗೆ 1.

ಅವಳಿಗೆ ಅಭ್ಯಾಸಕ್ಕೆ ಕೊಟ್ಟಿದ್ದು 2019ರ ಪರೀಕ್ಷೆಯಲ್ಲಿ ಬಂದಿದ್ದ ಪ್ರಶ್ನೆ. ಅದು ಗಾಂಧೀಜಿ 1930ರ ಮಾರ್ಚ್ 2ರಂದು ಸಾಬರಮತಿ ಆಶ್ರಮದಿಂದ ವೈಸ್‌ರಾಯ್ ಲಾರ್ಡ್ ಇರ್ವಿನ್‌ಗೆ ಬರೆದ ಪತ್ರದ ಕೊನೆಯ ಭಾಗ, ಉಪ್ಪಿನ ಸತ್ಯಾಗ್ರಹಕ್ಕೆ ಹೊರಡುವ ಮುನ್ನ ಬರೆದದ್ದು. ಸಂಪಾದಕರೇ, ನಮ್ಮ ಗಾಂಧಿಯ ಪತ್ರವನ್ನು ಅಮೆರಿಕದ ಹದಿನಾರು ಹದಿನೇಳರ ಮಕ್ಕಳು ಸಾಲು ಸಾಲಾಗಿ ಬಿಡಿಸಿ ನೋಡುತ್ತಾರೆ. ನಾನು ಕಲಿಸಿದ ಸಾವಿರಾರು ಮಕ್ಕಳಲ್ಲಿ ಒಬ್ಬರಿಗೂ ನಾನು ಆ ಪತ್ರವನ್ನು ತೋರಿಸಿರಲಿಲ್ಲ. ಆ ನೋವು ಇನ್ನೂ ಹೋಗಿಲ್ಲ.

ಮೊಮ್ಮಗಳ ಪ್ರಬಂಧವನ್ನು ಓದಿಸಿ ಕೇಳಿದೆ. ಗಾಂಧಿ ತಮ್ಮ ವಿಶ್ವಾಸಾರ್ಹತೆಯನ್ನು ಬಳಸಿದ್ದಾರೆ, ಭಾವನೆಯನ್ನು ಬಳಸಿದ್ದಾರೆ, ತರ್ಕವನ್ನು ಬಳಸಿದ್ದಾರೆ. ಒಂದೊಂದಕ್ಕೂ ಒಂದೊಂದು ಪ್ಯಾರಾ, ಪ್ರತಿಯೊಂದರ ಕೊನೆಗೂ ‘ಇದರಿಂದ ಮಾತು ಪರಿಣಾಮಕಾರಿಯಾಗಿದೆ’ ಎಂಬ ವಾಕ್ಯ. ಕೇಳುಗರನ್ನು ಒಪ್ಪಿಸಲು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಹೇಳಿದ ಮೂರು ದಾರಿಗಳವು, ತಪ್ಪೇನೂ ಅಲ್ಲ. ಆದರೆ ಈ ಪ್ರಬಂಧದಲ್ಲಿ ಗಾಂಧಿಯ ಹೆಸರನ್ನು ತೆಗೆದು ಇನ್ನಾರ ಹೆಸರನ್ನು ಹಾಕಿದರೂ ನಡೆಯುತ್ತಿತ್ತು. ಕೇಳುತ್ತ ಕೇಳುತ್ತ ನನಗೆ ಮೌಲ್ಯಮಾಪನ ಕೇಂದ್ರದ ಉದ್ದನೆಯ ಮೇಜುಗಳು ನೆನಪಾದವು. ‘ಇಲ್ಲಿ ಕವಿಯ ಮಾತು ಅತ್ಯಂತ ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ’ ಎಂಬ ಒಂದೇ ವಾಕ್ಯವನ್ನು ಒಂದೇ ದಿನ ಎಷ್ಟು ಉತ್ತರಪತ್ರಿಕೆಗಳಲ್ಲಿ ಓದಿದ್ದೇನೆ! ಆಯ್ಕೆಗೆ, ಅಂದರೆ ಮಾತು ಯಾವ ಪಾಠದ್ದೆಂದು ಹೇಳುವುದಕ್ಕೆ 1, ಸಂದರ್ಭಕ್ಕೆ 1, ಸ್ವಾರಸ್ಯಕ್ಕೆ 1. ವಾಕ್ಯ ಇದ್ದರೆ ಅಂಕ ಕೊಡಬೇಕು, ಕೊಟ್ಟಿದ್ದೇನೆ. ಸ್ವಾರಸ್ಯ ಏನೆಂದು ಹೇಳದೆ ಸ್ವಾರಸ್ಯ ಇದೆ ಎಂದು ಹೇಳಿದ್ದಕ್ಕೆ ಕೊಟ್ಟ ಅಂಕ ಅದು. ನ್ಯೂಜೆರ್ಸಿಯ ಶಿಕ್ಷಕಿ ಕೊಡದೆ ಉಳಿಸಿಕೊಂಡದ್ದು ಇದೇ ಅಂಕವನ್ನು.

ನನಗೆ ಆ ಪರೀಕ್ಷೆಯ ಪರಿಭಾಷೆ ತಿಳಿಯದು. ನನಗೆ ತಿಳಿದಿರುವುದು ನಮ್ಮ ಹಳೆಯ ಪ್ರಶ್ನೆ: ಈ ಮಾತನ್ನು ಯಾರು ಯಾರಿಗೆ ಹೇಳಿದರು? ಯಾವ ಸಂದರ್ಭದಲ್ಲಿ? ಅದರ ಸ್ವಾರಸ್ಯವೇನು? ಲ್ಯಾಪ್‌ಟಾಪ್ ಮುಚ್ಚಲು ಹೇಳಿದೆ. ಈಗ ಆ ಪರೀಕ್ಷೆಯನ್ನು ಕಂಪ್ಯೂಟರಿನಲ್ಲೇ ಬರೆಯಬೇಕಂತೆ, ಇರಲಿ. ಓದುವುದಕ್ಕೆ ಕಾಗದವೇ ಬೇಕು. ಪತ್ರವನ್ನು ಇಡಿಯಾಗಿ ಹುಡುಕಿಸಿ, ಬೀದಿಯ ಕೊನೆಯ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ತರಿಸಿದೆ. ಒಂದು ಸೀಸದ ಕಡ್ಡಿಯನ್ನು ಇಬ್ಬರೂ ಹಂಚಿಕೊಂಡೆವು.

ಮೊದಲು ಒಕ್ಕಣೆ ನೋಡು ಎಂದೆ. ಒಕ್ಕಣೆ ಎಂದರೇನೆಂದು ಕೇಳಿದಳು. ಪತ್ರಲೇಖನ ಕಲಿಸುವಾಗ ನಾವು ಮಕ್ಕಳಿಗೆ ಮೊದಲು ಹೇಳಿಕೊಡುವುದೇ ಅದನ್ನು. ತಂದೆಗೆ ಬರೆದರೆ ತೀರ್ಥರೂಪು, ಅಧಿಕಾರಿಗೆ ಬರೆದರೆ ಮಾನ್ಯರೇ. ಬರೆಯುವವರು ಎಲ್ಲಿ ನಿಂತಿದ್ದಾರೆ, ಓದುವವರನ್ನು ಎಲ್ಲಿ ಕೂರಿಸಿದ್ದಾರೆ ಎಂಬುದು ಒಕ್ಕಣೆಯಲ್ಲೇ ತೀರ್ಮಾನವಾಗಿಬಿಡುತ್ತದೆ. ಗಾಂಧಿ ಇಂಗ್ಲೆಂಡಿನ ದೊರೆಯ ಪ್ರತಿನಿಧಿಗೆ ‘ಪ್ರಿಯ ಮಿತ್ರರೇ’ ಎಂದು ಬರೆಯುತ್ತಾರೆ. ಕೊನೆಯಲ್ಲಿ ಸಹಿ ಮಾಡುವಾಗಲೂ ತಾವು ಪ್ರಾಮಾಣಿಕ ಮಿತ್ರನಾಗಿಯೇ ಉಳಿಯುವುದಾಗಿ ಹೇಳುತ್ತಾರೆ. ಪ್ರಜೆ ಆಳುವವನಿಗೆ ಬರೆಯುವ ಅರ್ಜಿಯ ಧಾಟಿ ಅದಲ್ಲ, ಶತ್ರು ಶತ್ರುವಿಗೆ ಕಳಿಸುವ ಓಲೆಯ ಧಾಟಿಯೂ ಅಲ್ಲ. ಒಂದು ಸಂಬೋಧನೆಯಲ್ಲೇ ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದ್ದಾರೆ. ಮೊಮ್ಮಗಳು ಬಹಳ ಹೊತ್ತು ಸುಮ್ಮನಿದ್ದು, ‘ಅಜ್ಜಿ, ಇದನ್ನು ನಾನು ಓದಿಯೇ ಇರಲಿಲ್ಲ, ದಾಟಿಕೊಂಡು ಹೋಗಿದ್ದೆ’ ಎಂದಳು.

ಆಮೇಲೆ ನಾವಿಬ್ಬರೂ ನಾಲ್ಕು ಬೆಳಗು ಆ ಪತ್ರದೊಂದಿಗೇ ಕಳೆದೆವು. ಬ್ರಿಟಿಷರ ಆಳ್ವಿಕೆ ಶಾಪ ಎನ್ನುವ ವಾಕ್ಯದಲ್ಲೇ ಒಬ್ಬ ಇಂಗ್ಲಿಷಿನವನಿಗೂ ಕೇಡು ಬಯಸುವುದಿಲ್ಲ ಎಂದಿದೆ. ವೈಸ್‌ರಾಯರ ಸಂಬಳ ತಿಂಗಳಿಗೆ 21,000 ರೂಪಾಯಿ, ದಿನಕ್ಕೆ 700 ರೂಪಾಯಿಗೂ ಹೆಚ್ಚು. ಭಾರತೀಯನ ಸರಾಸರಿ ಆದಾಯ ದಿನಕ್ಕೆ ಎರಡಾಣೆಗೂ ಕಡಿಮೆ. ಅಂದರೆ ಐದು ಸಾವಿರ ಪಟ್ಟಿಗೂ ಮಿಗಿಲು ಎಂದು ಗಾಂಧಿ ಲೆಕ್ಕ ಮಾಡಿ ಮುಂದಿಡುತ್ತಾರೆ. ಅಲ್ಲಿಗೆ ನಿಲ್ಲಿಸಿದ್ದರೆ ಅದು ಚುಚ್ಚುಮಾತು. ನಿಲ್ಲಿಸುವುದಿಲ್ಲ. ನಿಮ್ಮ ಮನಸ್ಸನ್ನು ನೋಯಿಸುವ ಇಚ್ಛೆ ನನಗಿಲ್ಲ, ನಿಮಗೆ ಆ ಸಂಬಳದ ಅಗತ್ಯವಿಲ್ಲವೆಂದು ಬಲ್ಲೆ, ಬಹುಶಃ ಅದೆಲ್ಲ ದಾನಕ್ಕೇ ಹೋಗುತ್ತಿರಬಹುದು ಎನ್ನುತ್ತಾರೆ. ದೂರು ಮನುಷ್ಯನನ್ನು ಬಿಟ್ಟು ಆ ಸಂಬಳವನ್ನು ಗೊತ್ತುಮಾಡಿದ ವ್ಯವಸ್ಥೆಯ ಮೇಲೆ ಹೋಗಿ ಕೂರುತ್ತದೆ. ಇರ್ವಿನ್ ಒಳ್ಳೆಯ ಮನುಷ್ಯನಾಗಿಯೇ ಉಳಿದು ಆ ವ್ಯವಸ್ಥೆಯನ್ನು ಕೈಬಿಡಲು ಜಾಗ ಮಾಡಿಕೊಟ್ಟಂತಾಯಿತು.

ಪರೀಕ್ಷೆಗೆ ಕೊಟ್ಟ ಭಾಗದಲ್ಲೂ ಅದೇ ಜಾಗವಿದೆ. ತನಗಿಂತ ಪ್ರಾಚೀನವೂ ದೊಡ್ಡದೂ ಆದ ಜನಾಂಗವನ್ನು ‘ತಿಳಿದೋ ತಿಳಿಯದೆಯೋ’ ಸುಲಿದ ರಾಷ್ಟ್ರ ಎನ್ನುತ್ತಾರೆ. ಈ ನುಡಿಗಟ್ಟು ನಮ್ಮ ಮನೆಗಳಲ್ಲಿ ದಿನವೂ ಕೇಳಿಬರುತ್ತದೆ. ಕ್ಷಮೆ ಕೇಳುವಾಗ, ದೇವರ ಮುಂದೆ ಕೈಮುಗಿದಾಗ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪು ಎನ್ನುತ್ತೇವೆ. ತಪ್ಪು ಮಾಡಿದವನು ತಾನೇ ಆಡಬೇಕಾದ ಮಾತನ್ನು ಗಾಂಧಿ ಅವನ ಪರವಾಗಿ ಮೊದಲೇ ಆಡಿ ಇಟ್ಟಿದ್ದಾರೆ. ಇರ್ವಿನ್ ಅದನ್ನು ಎತ್ತಿಕೊಂಡರೆ ಸಾಕಿತ್ತು.

ಬೆದರಿಕೆಯ ಮಾತಿಗೆ ಬಂದಾಗ ಇಬ್ಬರಿಗೂ ಜಗಳವಾಯಿತು. ಈ ತಿಂಗಳ 11ರಂದು ಉಪ್ಪಿನ ಕಾನೂನನ್ನು ಮೀರಲು ಹೊರಡುತ್ತೇನೆ ಎಂದು ದಿನವನ್ನೇ ಗೊತ್ತುಮಾಡಿ ಹೇಳಿ, ಆಮೇಲೆ ಈ ಪತ್ರ ಬೆದರಿಕೆಯಲ್ಲ ಎನ್ನುತ್ತಾರಲ್ಲ, ಅದು ವಿರೋಧಾಭಾಸವಲ್ಲವೇ ಎಂದಳು. ಅಲ್ಲ ಎಂದೆ. ಬೆದರಿಸುವವನು ತಾನು ಇನ್ನೊಬ್ಬನಿಗೆ ಏನು ಮಾಡುತ್ತೇನೆಂದು ಹೇಳುತ್ತಾನೆ. ಇಲ್ಲಿ ಗಾಂಧಿ ತಮಗೂ ತಮ್ಮ ಜನರಿಗೂ ಏನಾದೀತೆಂದು ಹೇಳುತ್ತಿದ್ದಾರೆ. ನೀವು ನನ್ನನ್ನು ಬಂಧಿಸಬಹುದು, ನನ್ನ ಹಿಂದೆ ಹತ್ತಾರು ಸಾವಿರ ಜನ ಶಿಸ್ತಿನಿಂದ ಶಿಕ್ಷೆಗೆ ಮೈಯೊಡ್ಡುತ್ತಾರೆ, ಅವರ ಕಷ್ಟ ಕಲ್ಲೆದೆಯನ್ನೂ ಕರಗಿಸೀತು ಎನ್ನುತ್ತಾರೆ. ಕ್ರಿಯಾಪದಗಳ ಕೆಳಗೆ ಗೆರೆ ಎಳೆ, ಹೊಡೆತ ಯಾರ ಮೇಲೆ ಬೀಳುತ್ತದೆ ನೋಡು ಎಂದೆ. ಅವಳು ಗೆರೆ ಎಳೆದಳು, ಒಪ್ಪಲಿಲ್ಲ. ದಿನಾಂಕ ಕೊಟ್ಟರೆ ಒತ್ತಡ ಹೇರಿದಂತೆಯೇ ಎಂಬುದು ಅವಳ ವಾದ. ಮರುದಿನ ಅವಳೇ ಬೆದರಿಕೆಗೂ ಎಚ್ಚರಿಕೆಗೂ ಇರುವ ಅಂತರದ ಬಗ್ಗೆ ಒಂದು ಪ್ಯಾರಾ ಬರೆದಳು. ನನ್ನ ಅಭಿಪ್ರಾಯಕ್ಕಿಂತ ಅದು ಚೆನ್ನಾಗಿತ್ತು. ಒಪ್ಪದ ಮಗುವಿಗೂ ಅಂಕ ಸಿಗುವ ಪ್ರಶ್ನೆ ಇದು ಎಂಬುದನ್ನು ನಮ್ಮ ಶಿಕ್ಷಕ ಮಿತ್ರರು ದಯವಿಟ್ಟು ಗಮನಿಸಬೇಕು.

ಇನ್ನೊಂದು ವಿಷಯವನ್ನು ಅವಳಿಗೆ ನಾನು ತೋರಿಸಿದ್ದಲ್ಲ, ಅವಳೇ ಹಿಡಿದದ್ದು. ಮಾತುಕತೆಗೆ ನೀವು ಸಿದ್ಧರಿದ್ದು, ಈ ಪತ್ರದ ಪ್ರಕಟಣೆಯನ್ನು ಮುಂದೂಡಬೇಕೆಂದು ಬಯಸಿದರೆ ಒಂದು ತಂತಿ ಕಳಿಸಿ, ಸಂತೋಷದಿಂದ ತಡೆಹಿಡಿಯುತ್ತೇನೆ ಎಂದು ಗಾಂಧಿ ಬರೆಯುತ್ತಾರೆ. ‘ಹಾಗಾದರೆ ಅಜ್ಜಿ, ಇದು ಇರ್ವಿನ್ ಒಬ್ಬನಿಗೆ ಬರೆದ ಪತ್ರವಲ್ಲ. ಪೇಪರಿನಲ್ಲಿ ಬರುತ್ತದೆಂದು ಗೊತ್ತಿದ್ದೇ ಬರೆದದ್ದು. ಇನ್ನೊಬ್ಬರೂ ಓದುತ್ತಿದ್ದಾರೆ’ ಎಂದಳು. ಯಾರು ಯಾರಿಗೆ ಎಂಬ ನಮ್ಮ ಪ್ರಶ್ನೆಗೆ ಎರಡು ಉತ್ತರ ಇರಬಹುದೆಂದು 31 ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ. ಮುಂದಿನ ಭಾನುವಾರ ಅವಳನ್ನು ಮದ್ದೂರಿನ ಪಕ್ಕದ ಶಿವಪುರಕ್ಕೆ ಕರೆದುಕೊಂಡು ಹೋದೆ. 1938ರ ಏಪ್ರಿಲಿನಲ್ಲಿ ಮೈಸೂರು ಸಂಸ್ಥಾನದ ಕಾಂಗ್ರೆಸ್ಸಿನವರು ನಿಷೇಧವನ್ನು ಮೀರಿ ಧ್ವಜ ಹಾರಿಸಿದ ಜಾಗ. ಸತ್ಯಾಗ್ರಹ ಸೌಧದ ಮುಂದೆ ನಿಂತು, ಆ ಪತ್ರದ ಎರಡನೆಯ ಓದುಗರು ಇಂಥವರೇ ಇರಬೇಕು ಎಂದಳು. ಹಿಂದಿರುಗುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಪೂರಾ ಅದನ್ನೇ ಬರೆದುಕೊಂಡಳು.

ಪತ್ರವನ್ನು ಒಯ್ದವನ ಬಗ್ಗೆಯೂ ಹೇಳಬೇಕು. ಗಾಂಧಿ ಅದನ್ನು ಅಂಚೆಗೆ ಹಾಕಲಿಲ್ಲ. ಭಾರತದ ಪರವಾಗಿದ್ದ ರೆಜಿನಾಲ್ಡ್ ರೆನಾಲ್ಡ್ಸ್ ಎಂಬ ಇಂಗ್ಲಿಷ್ ತರುಣನ ಕೈಯಲ್ಲಿ ಕಳಿಸಿದರು. ಏಕೆ ಅವನೇ ಎಂಬುದನ್ನೂ ಪತ್ರದಲ್ಲೇ ಬರೆದರು. ನಾನು ಯಾವ ಇಂಗ್ಲಿಷಿನವನ ವೈರಿಯೂ ಅಲ್ಲ ಎಂಬ ಮಾತಿಗೆ ಒಬ್ಬ ಇಂಗ್ಲಿಷಿನವನೇ ಸಾಕ್ಷಿಯಾಗಿ ವೈಸ್‌ರಾಯರ ಬಾಗಿಲಿಗೆ ಹೋದ. ಇದನ್ನು ಕೇಳುತ್ತಲೇ ನನಗೆ ಕುಮಾರವ್ಯಾಸನ ಕೃಷ್ಣ ನೆನಪಾದ. ಹತ್ತನೆಯ ತರಗತಿಯ ಮಕ್ಕಳಿಗೆ ‘ಕೌರವೇಂದ್ರನ ಕೊಂದೆ ನೀನು’ ಎಂಬ ಹೆಸರಿನಲ್ಲಿ ಪಾಠವಾಗಿದ್ದ ಭಾಗ. ಕೃಷ್ಣ ಕರ್ಣನಿಗೆ ಜನ್ಮರಹಸ್ಯವನ್ನು ಥಟ್ಟನೆ ಹೇಳಿಬಿಡುವುದಿಲ್ಲ. ಮೊದಲು ‘ಮೈದುನತನದ ಸರಸ’. ಆಮೇಲೆ ಕೈಹಿಡಿದೆಳೆದು ರಥದಲ್ಲಿ ತನ್ನ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಾನೆ. ನಿಮ್ಮ ಸಮಕ್ಕೆ ಕೂರಲು ಅಂಜುತ್ತೇನೆ ಎಂದು ಕರ್ಣ ಹಿಂಜರಿದರೆ ಇನ್ನಷ್ಟು ಹತ್ತಿರ ಸರಿಯುತ್ತಾನೆ. ಸೂತಪುತ್ರ ಎಂದು ಜನ ಜೀವಮಾನವೆಲ್ಲ ದೂರ ಕೂರಿಸಿದವನಿಗೆ, ನೀನು ಕೌಂತೇಯ ಎಂಬುದನ್ನು ಕೃಷ್ಣ ಮೊದಲು ಆಸನದಲ್ಲಿ ಹೇಳುತ್ತಾನೆ, ಬಾಯಲ್ಲಿ ಹೇಳುವುದು ಆಮೇಲೆ. ಈ ಪದ್ಯಗಳನ್ನು ನಾನು ಎಷ್ಟೋ ವರ್ಷ ಕಲಿಸಿದ್ದೇನೆ. ಸ್ವಾರಸ್ಯ ಎಂದು ಹಲಗೆಯ ಮೇಲೆ ಬರೆಸಿದ್ದು ಮಾತ್ರ ‘ಕೃಷ್ಣನ ರಾಜತಂತ್ರ ಇಲ್ಲಿ ವ್ಯಕ್ತವಾಗಿದೆ’ ಎಂಬ ಒಂದು ಸಾಲು. ಆ ಸಾಲನ್ನು ಬರೆದ ಮಕ್ಕಳಿಗೆ ಪೂರ್ತಿ ಅಂಕ ಬಂತು, ಪದ್ಯ ಸಿಗಲಿಲ್ಲ.

ಇರ್ವಿನ್ ಕರಗಲಿಲ್ಲ. ಕಾನೂನು ಮುರಿಯುವ, ಶಾಂತಿಗೆ ಅಪಾಯ ತರುವ ದಾರಿ ಹಿಡಿಯುತ್ತಿರುವುದಕ್ಕೆ ವಿಷಾದವಿದೆ ಎಂಬರ್ಥದ ನಾಲ್ಕು ಸಾಲನ್ನು ಕಾರ್ಯದರ್ಶಿಯಿಂದ ಬರೆಸಿ ಕಳಿಸಿದರು. ಮಾರ್ಚ್ 12ರಂದು ಗಾಂಧಿ ದಂಡಿಗೆ ಹೊರಟರು. ಕರ್ಣನೂ ಕಣ್ಣೀರು ತುಂಬಿಕೊಂಡನೇ ಹೊರತು ದುರ್ಯೋಧನನನ್ನು ಬಿಡಲಿಲ್ಲ. ಗೆಲ್ಲದ ಮಾತನ್ನೂ ಹೀಗೆ ಕೂತು ಬಿಡಿಸಬಹುದು ಎಂಬುದನ್ನು ಮಕ್ಕಳಿಗೆ ಕಲಿಸಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಅಮೆರಿಕದ ಪರೀಕ್ಷೆಯನ್ನು ಇಲ್ಲಿಗೆ ತರಬೇಕೆಂದು ನಾನು ಹೇಳುತ್ತಿಲ್ಲ. ಅಲ್ಲಿಯೂ ಅಚ್ಚಿಗೆ ಹೊಯ್ದ ಪ್ರಬಂಧಗಳಿವೆ. ಮೊಮ್ಮಗಳ ಮೊದಲ ಪ್ರಬಂಧವೇ ಅದಕ್ಕೆ ಸಾಕ್ಷಿ. ಅಲಂಕಾರವನ್ನು ಹೆಸರಿಸಿದರೆ ಅಂಕ ಬರುತ್ತದೆಂಬ ಭ್ರಮೆ ಅಲ್ಲಿನ ಮಕ್ಕಳಿಗೂ ಇದೆ. ನಮ್ಮಲ್ಲಿ ಉಪಮೇಯ ಇದು, ಉಪಮಾನ ಇದು, ವಾಚಕ ಪದ ಇದು, ಆದ್ದರಿಂದ ಉಪಮಾಲಂಕಾರ ಎಂದು ಸಮನ್ವಯ ಮುಗಿಸುತ್ತೇವೆ. ಆ ಹೋಲಿಕೆ ಅಲ್ಲಿ ಏನು ಕೆಲಸ ಮಾಡಿತು ಎಂದು ಮುಂದಕ್ಕೆ ಕೇಳುವುದಿಲ್ಲ. ವ್ಯತ್ಯಾಸ ಒಂದೇ. ಅವರು ಆರರಲ್ಲಿ ನಾಲ್ಕು ಅಂಕವನ್ನು ಆ ‘ಏನು ಕೆಲಸ ಮಾಡಿತು’ ಎಂಬುದಕ್ಕೆ ಇಟ್ಟಿದ್ದಾರೆ. ನಾವು ಮೂರರಲ್ಲಿ ಒಂದನ್ನು ಇಟ್ಟು, ಅದನ್ನೂ ಗೈಡುಗಳಿಗೆ ಒಪ್ಪಿಸಿದ್ದೇವೆ. ಅಪಠಿತ ಗದ್ಯಭಾಗ ಎಂಬ ಪ್ರಶ್ನೆ ನಮ್ಮಲ್ಲೂ ಇದೆ, ನಿಜ. ಅದರ ಉತ್ತರ ಗದ್ಯದೊಳಗೇ ಇರುತ್ತದೆ. ಮಗು ಹುಡುಕಿ, ಎತ್ತಿ, ಕೆಳಗೆ ಇಡುತ್ತದೆ.

ನಿವೃತ್ತಿಗೆ ಎರಡು ವರ್ಷ ಮುಂಚೆ ನಾನೊಮ್ಮೆ ಪ್ರಯತ್ನಿಸಿದ್ದೆ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ, ಪಠ್ಯದಲ್ಲಿಲ್ಲದ ಒಂದು ಚಿಕ್ಕ ಭಾಷಣವನ್ನು ಕೊಟ್ಟು, ಭಾಷಣಕಾರರು ಕೇಳುಗರನ್ನು ಹೇಗೆ ಒಲಿಸಿಕೊಂಡಿದ್ದಾರೆ ಎಂದು ಕೇಳಿದ್ದೆ. ಪಠ್ಯದಾಚೆಯ ಪ್ರಶ್ನೆ ಕೇಳಿ ಮಕ್ಕಳ ಶೇಕಡಾವಾರು ಹಾಳುಮಾಡುತ್ತೀರಾ ಎಂದು ಶಾಲೆಯಲ್ಲೇ ಆಕ್ಷೇಪ ಬಂತು. ಪ್ರಶ್ನೆಯನ್ನು ರದ್ದುಮಾಡಿ ಎಲ್ಲರಿಗೂ ಅಂಕ ಹಂಚಿದೆ. ಆದರೆ ಉತ್ತರಗಳನ್ನು ಓದಿದ್ದೆ. ತರಗತಿಯಲ್ಲಿ ಎಂದೂ ಬಾಯಿ ಬಿಡದ, ಕಬ್ಬು ಕಡಿಯುವ ಕಾಲದಲ್ಲಿ ವಾರಗಟ್ಟಲೆ ಶಾಲೆಗೆ ಬಾರದ ಒಬ್ಬ ಹುಡುಗ ಬರೆದಿದ್ದ: ‘ಇವರು ಮೊದಲು ತಾವೂ ರೈತರ ಮಗ ಎಂದು ಹೇಳುತ್ತಾರೆ. ಬೆಲೆಯ ಮಾತು ಕೊನೆಯಲ್ಲಿ ಬರುತ್ತದೆ. ಬೆಲೆಯ ಮಾತು ಮೊದಲು ಬಂದಿದ್ದರೆ ಜನ ಎದ್ದು ಹೋಗುತ್ತಿದ್ದರು.’ ಆ ಉತ್ತರಪತ್ರಿಕೆಯನ್ನು ನಾನು ಇಂದಿಗೂ ಇಟ್ಟುಕೊಂಡಿದ್ದೇನೆ.

ಅವನಿಗೆ ಅದು ಎಲ್ಲಿಂದ ಬಂತು? ಮಂಡ್ಯದ ಮಕ್ಕಳು ಭಾಷಣ ಕೇಳುತ್ತಲೇ ಬೆಳೆಯುತ್ತಾರೆ. ಕಾವೇರಿ ನೀರಿಗಾಗಿ ಸಂಜಯ ವೃತ್ತದಲ್ಲಿ, ವಿಶ್ವೇಶ್ವರಯ್ಯನವರ ಪ್ರತಿಮೆಯ ಮುಂದೆ ಅಪ್ಪನ ಹೆಗಲ ಮೇಲೆ ಕುಳಿತು ಕೇಳಿದ ಮಕ್ಕಳಿದ್ದಾರೆ. ಯಾರ ಮಾತಿಗೆ ಜನ ಕೂಗಿದರು, ಯಾರ ಮಾತಿಗೆ ಸುಮ್ಮನಾದರು, ಯಾರು ವೇದಿಕೆ ಹತ್ತಿದ ಕೂಡಲೇ ಹೆಂಗಸರು ಎದ್ದು ಹೊರಟರು ಎಂಬುದು ಅವರಿಗೆ ಗೊತ್ತು. ಈಗ ಮೊಬೈಲಿನಲ್ಲಿ ದಿನವೂ ನೂರು ಮಾತುಗಳು ಅವರನ್ನು ಒಲಿಸಲು, ಹೆದರಿಸಲು, ಕೊಳ್ಳಿಸಲು ಬರುತ್ತವೆ. ಗೊತ್ತಿರುವುದನ್ನು ಬರೆದು ತೋರಿಸಲು ಒಂದು ಹಾಳೆ, ಒಂದು ಪ್ರಶ್ನೆ ನಾವು ಕೊಟ್ಟಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಸಂದರ್ಭದ ಪ್ರಶ್ನೆಯನ್ನು ಕೈಬಿಡಬೇಡಿ. ಅಂಥ ಪ್ರಶ್ನೆಗಳಲ್ಲಿ ಒಂದಕ್ಕಾದರೂ ಪಠ್ಯಪುಸ್ತಕದಲ್ಲಿಲ್ಲದ ಮಾತನ್ನು ಕೊಡಿ. ಅರ್ಧ ಪುಟದ ಒಂದು ಪತ್ರವೋ ಭಾಷಣದ ತುಣುಕೋ ಜಾಹೀರಾತೋ ಆದೀತು. ಯಾರು, ಯಾರಿಗೆ, ಯಾವಾಗ ಎಂಬುದನ್ನು ಪ್ರಶ್ನೆಯಲ್ಲೇ ಹೇಳಿಬಿಡಿ. ಅದಕ್ಕೆ ಅಂಕ ಬೇಡ. ಅಷ್ಟೂ ಅಂಕವನ್ನು ಸ್ವಾರಸ್ಯಕ್ಕೆ ಇಡಿ. ‘ಸ್ವಾರಸ್ಯಪೂರ್ಣವಾಗಿದೆ’ ಎಂಬ ವಾಕ್ಯಕ್ಕೆ ಅಂಕವಿಲ್ಲ ಎಂದು ಮೌಲ್ಯಮಾಪಕರಿಗೆ ಕೊಡುವ ಸೂಚನೆಯಲ್ಲಿ ಬರೆಯಿರಿ. ತಿದ್ದುವುದು ಕಷ್ಟವಾಗುತ್ತದೆ, ನಾನು ಬಲ್ಲೆ. ಮಾದರಿ ಉತ್ತರವನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಲಾಗುವುದಿಲ್ಲ, ಪ್ರತಿ ಮಗುವನ್ನೂ ಓದಬೇಕಾಗುತ್ತದೆ.

ಮೊಮ್ಮಗಳು ಜನವರಿಯ ಮೊದಲ ವಾರ ಹಿಂದಿರುಗಿದಳು. ತಿದ್ದಿ ಬರೆದ ಪ್ರಬಂಧಕ್ಕೆ ಐದು ಅಂಕ ಬಂದಿದೆ. ಒಕ್ಕಣೆ ಎಂಬ ಪದವನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದೆಂದು ತಿಳಿಯದೆ ಅದನ್ನು ಹಾಗೆಯೇ ಬಳಸಿ, ಅರ್ಥವನ್ನು ಒಂದು ವಾಕ್ಯದಲ್ಲಿ ವಿವರಿಸಿದ್ದಾಳಂತೆ.

ಮಂಡ್ಯ ತಾಲ್ಲೂಕಿನ ಯಾವುದೇ ಪ್ರೌಢಶಾಲೆಯ ಕನ್ನಡ ಶಿಕ್ಷಕರು ಬಯಸಿದರೆ ಇಂಥ ಪ್ರಶ್ನೆಗಳನ್ನು ನಾನು ಸಿದ್ಧಪಡಿಸಿಕೊಡುತ್ತೇನೆ. ಮಕ್ಕಳು ಬರೆದದ್ದನ್ನು ತಂದುಕೊಟ್ಟರೆ ಓದಿ, ಪ್ರತಿ ಹಾಳೆಯ ಅಂಚಿನಲ್ಲಿ ಟಿಪ್ಪಣಿ ಬರೆದು, ಹದಿನೈದು ದಿನದೊಳಗೆ ಹಿಂದಿರುಗಿಸುತ್ತೇನೆ. ಹಣ ಬೇಡ. ಮೊದಲ ಪ್ರಶ್ನೆಗೆ ಗಾಂಧೀಜಿಯ ಪತ್ರದ ಮೂರು ಪ್ಯಾರಾಗಳನ್ನು ಕನ್ನಡಕ್ಕೆ ತಂದು ಇಟ್ಟಿದ್ದೇನೆ. ನನ್ನ ವಿಳಾಸ ನಿಮ್ಮ ಕಚೇರಿಯಲ್ಲಿದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕಿ,
ವಿದ್ಯಾನಗರ, ಮಂಡ್ಯ